ಒಂದು ಕುಂಡ ಹೇನು

“ನಿನ್ನನ್ನ ಸಾಕೋ ಬದಲು ಇನ್ನೊಂದು ಕುಂಡ ಹೇನು ಸಾಕಿದ್ರೆ ಸಂಸ್ಥೆಗೆ ಏನಾದ್ರೂ ಉಪಯೋಗ ಆಗ್ತಿತ್ತು” ಎಂದರು ಮೇಲ್ವಿಚಾರಕರು, ಎಡಗಿವಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಬಿಚ್ಚಿದ ಕೊಡೆ ಹಿಡಿದುಕೊಂಡು. ಹೊರಗಿನಿಂದ ಬಂದ ಅತಿಥಿಗಳು ಓಣಿಯ ಗೋಡೆಗೆ ಅಂಟಿಕೊಂಡು ನಿಂತಿದ್ದರು. ಅವರಲ್ಲಿ ಹಿರಿಯರೊಬ್ಬರು ತಲೆಯ ಮೇಲೆ ಕರವಸ್ತ್ರ ಹೊದ್ದುಕೊಂಡಿದ್ದರು. ಮೇಡಂ ಇದ್ದರು. ಮೇಡಂ ಕೈಕೆಳಗೆ ಸಂಶೋಧನೆ ಮಾಡುವ ಕನ್ನಡಕದ ಹುಡುಗಿ ಇದ್ದಳು. ಮೊದಲು ಹಿರಿಯರು ಕರವಸ್ತ್ರದೊಳಗಿಂದಲೇ ಕಿಸಕ್ಕೆಂದರು, ಅವರ ಹಿಂದೆ ಉಳಿದವರು ನಕ್ಕರು, ಕೊನೆಗೆ ಕನ್ನಡಕದ ಹುಡುಗಿಯೂ ನಕ್ಕಳು. ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಆದರೆ ನಕ್ಕಳು. “ಹೇನಿಗಾದ್ರೆ ಬಾಗಿಲಿಗೆ ಚಿಲಕ ಹಾಕಪ್ಪಾ ಅಂತ ಹೇಳಿಕೊಡೋ ಕೆಲಸ ಇಲ್ಲ” ಎಂದು ಮೇಲ್ವಿಚಾರಕರು ಆ ನಗುವಿನ ಮೇಲೆ ಇನ್ನೊಂದು ಸೌಟು ಸುರಿದರು. ಅವನು ಉತ್ತರ ಕೊಡಲು ಬಾಯಿ ತೆರೆದ. ತೆರೆದ ಬಾಯಿಂದ ಸೀನು ಬಂತು.

ಸೀನಿಗೆ ಇನ್ನಷ್ಟು ನಗು. ಅಷ್ಟರಲ್ಲಿ ಮೇಡಂ “ಆಯ್ತು, ಆಯ್ತು, ಮೊದಲು ಎಲ್ಲರೂ ಟೀ ಕುಡಿಯೋಣ ಬನ್ನಿ” ಎಂದು ಅತಿಥಿಗಳನ್ನು ಕುರಿ ಅಟ್ಟುವ ಹಾಗೆ ಅಟ್ಟಿಕೊಂಡು ಹೋದರು. ಕೇಳಬೇಕಾದವರೆಲ್ಲ ಹೋದ ಮೇಲೆ ಉತ್ತರ ಬಂತು. ಒಂದಲ್ಲ, ಸಾಲುಗಟ್ಟಿ ಬಂದವು. ‘ಹೇನು ಸಾಕೋದೇನು ಕಷ್ಟ ಸಾರ್, ನೀವು ತಲೆ ಬಗ್ಗಿಸಿದ್ರೆ ಸಾಕು’ ಎಂಬುದು ಮೊದಲನೆಯದು. ಆದರೆ ಮೇಲ್ವಿಚಾರಕರದು ನುಣ್ಣನೆ ಬೋಳುತಲೆ, ಮಾತು ಅಲ್ಲಿ ನಿಲ್ಲದೆ ಜಾರಿಹೋಗುತ್ತದೆ. ‘ಒಂದು ಕುಂಡ ಹೇನು ಬಿಟ್ರೆ ವಾರದಲ್ಲಿ ಹತ್ತು ಕುಂಡ ಆಗುತ್ತೆ, ನೀವು ಇಷ್ಟು ವರ್ಷ ಆದ್ರೂ ಒಬ್ಬರೇ ಇದ್ದೀರಲ್ಲ, ಅದು ನಮ್ಮ ಪುಣ್ಯ’ ಎಂಬುದು ಪರವಾಗಿಲ್ಲ, ಆದರೆ ಉದ್ದವಾಯಿತು. ಉದ್ದದ ಉತ್ತರ ಮುಗಿಯುವಷ್ಟರಲ್ಲಿ ಎದುರಿನವನು ಕೈ ಒರೆಸಿಕೊಂಡು ಹೊರಟಿರುತ್ತಾನೆ. ಅವನು ಮೂಗು ಒರೆಸಿಕೊಂಡ. ವಾರದಿಂದ ನೆಗಡಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಬಾರದು ಅಂತಾರೆ, ಆದರೆ ಇವತ್ತಿನ ಮಟ್ಟಿಗೆ ಕೊಯ್ದುಕೊಂಡಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಉತ್ತರ ಕೊಡಬೇಕಾದ ಹೊತ್ತಿನಲ್ಲಿ ಸೀನಿದವನು ಎಂದು ಹೆಸರಾಯಿತಲ್ಲ. ಅವನ ಹೆಸರಿಗೆ ಇಷ್ಟು ದಿನ ಇದ್ದದ್ದು ಒಂದೇ ಬಿರುದು, ಬಾಯಿಗೆ ಬಾಯಿ ಕೊಡುವವನು ಅಂತ. ಅದನ್ನೂ ಮೂಗು ಕಸಿದುಕೊಂಡಿತು.

ಚಿಲಕ ಹಾಕಿದ್ದೆ. ಹಾಕಿದ್ದೆನಲ್ಲ. ‘ಟಕ್’ ಅಂದದ್ದು ಕಿವಿಯಲ್ಲಿ ಇನ್ನೂ ಇದೆ. ಆದರೆ ಆ ‘ಟಕ್’ ಇವತ್ತಿನದೋ ನಿನ್ನೆಯದೋ? ದಿನಾ ಮಾಡುವ ಕೆಲಸದ ನೆನಪು ಹೀಗೇ, ಎಲ್ಲ ದಿನದ್ದೂ ಒಂದರ ಮೇಲೊಂದು ಅಂಟಿಕೊಂಡು ಯಾವ ಹಾಳೆ ಯಾವುದು ಅಂತ ಗೊತ್ತಾಗುವುದಿಲ್ಲ. ಗಾಜಿನ ಮನೆಯ ನಡುವೆ ಈ ಓಣಿ. ಓಣಿಯ ಗೋಡೆಗೆ ಗಾಜಿನ ಗೂಡು, ಎರಡು ಗಾಜಿನ ನಡುವೆ ಜೇನುಹುಟ್ಟು, ಒಳಗೆ ನಡೆಯುವುದೆಲ್ಲ ಕಾಣುವಂತೆ. ಗೂಡಿನಿಂದ ಎರಡು ಕೊಳವೆ: ಎಡಕ್ಕೆ ಹೂವಿನ ಕೋಣೆ, ಬಲಕ್ಕೆ ಹೇನಿನ ಕೋಣೆ. ಎರಡಕ್ಕೂ ಜಾಲರಿ ಬಾಗಿಲು, ಬಾಗಿಲಿಗೆ ಚಿಲಕ. ಹೇನು ಅಂದರೆ ತಲೆಯದಲ್ಲ, ಗಿಡದ್ದು. ಬೀನ್ಸ್ ಗಿಡದ ಎಳೆ ಕಾಂಡಕ್ಕೆ ಎಳ್ಳು ಮೆತ್ತಿದ ಹಾಗೆ ಕೂತು ರಸ ಹೀರುತ್ತವೆ, ಹೀರಿದ್ದರಲ್ಲಿ ಹೆಚ್ಚಿನದನ್ನು ಸಿಹಿ ಅಂಟಾಗಿ ಹಿಂದಿನಿಂದ ತೊಟ್ಟಿಕ್ಕುತ್ತವೆ. ಹೂವಿಲ್ಲದ ಕಾಲದಲ್ಲಿ ಜೇನುಹುಳು ಆ ಅಂಟನ್ನು ನೆಕ್ಕಿ ತರುತ್ತದೆಯೆ, ತಂದು ಹೂವಿನ ಸುದ್ದಿ ಹೇಳುವಷ್ಟೇ ಉಮೇದಿನಲ್ಲಿ ಗೂಡಿನೊಳಗೆ ಕುಣಿಯುತ್ತದೆಯೆ, ಕುಣಿದರೆ ಉಳಿದವು ನಂಬುತ್ತವೆಯೆ ಎಂಬುದು ಮೇಡಂ ಪ್ರಶ್ನೆ. ಆಹಾರ ಎಲ್ಲಿದೆಯೆಂದು ಜೇನುಹುಳು ಗೂಡಿನವರಿಗೆ ಹೇಳುವುದು ಕುಣಿದೇ. ಚುಕ್ಕೆ ಇಡುವುದು ಅವನ ಕೆಲಸ. ಹೂವಿಗೆ ಬಂದ ಹುಳುವಿನ ಬೆನ್ನಿಗೆ ಬಿಳಿ, ಹೇನಿನ ಅಂಟಿಗೆ ಬಂದದ್ದಕ್ಕೆ ಗುಲಾಬಿ. ಹುಲ್ಲುಕಡ್ಡಿಯ ತುದಿಯಲ್ಲಿ ಸಾಸಿವೆಯಷ್ಟು ಬಣ್ಣ ತೆಗೆದು, ನೆಕ್ಕುವುದರಲ್ಲಿ ಮೈಮರೆತ ಹುಳುವಿನ ರೆಕ್ಕೆಯ ಬುಡಕ್ಕೆ ತಾಗದಂತೆ ಬೆನ್ನಿನ ನಡುವೆ ಒತ್ತಿ ತೆಗೆಯಬೇಕು. ಜೀವಮಾನದಲ್ಲಿ ಯಾರೂ ಅವನನ್ನು ಮೆದುವಾದ ಕೈಯವನು ಅಂದಿರಲಿಲ್ಲ. ಮೇಡಂ ಅಂದರು, ಬಂದ ಮೊದಲ ವಾರದಲ್ಲೇ. “ಕೈ ನೋಡು ಇವನದು, ಮಗೂಗೆ ಬೊಟ್ಟು ಇಡೋ ಹಾಗಿದೆ.” ಅವತ್ತು ಬಚ್ಚಲಿಗೆ ಹೋಗಿ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಿದ್ದ.

ಹೇನಿನ ಅಂಟು ಬೋಳುತಲೆಯ ಮೇಲೆ ತೊಟ್ಟಿಕ್ಕುತ್ತದೆಂದು ಮೇಲ್ವಿಚಾರಕರು ಗಾಜಿನ ಮನೆಯೊಳಗೂ ಕೊಡೆ ಬಿಚ್ಚಿಕೊಂಡೇ ಓಡಾಡುತ್ತಿದ್ದರು. ಅದಕ್ಕೆ ಎಲ್ಲರೂ ಬೆನ್ನ ಹಿಂದೆ ಅವರನ್ನು ಛತ್ರಿ ಅನ್ನುತ್ತಿದ್ದರು, ಹೆಸರಿಟ್ಟವನು ಇವನೇ. ಇವತ್ತು ಬೆಳಿಗ್ಗೆ ಛತ್ರಿ ಅತಿಥಿಗಳನ್ನು ಮುಂದಿಟ್ಟುಕೊಂಡು, ಹುಳುಗಳೆಲ್ಲ ತಮ್ಮ ಸ್ವಂತ ಮಕ್ಕಳು ಎಂಬಂತೆ ಕೈಯಾಡಿಸುತ್ತ ಬಂದದ್ದು, ಹೇನಿನ ಕೋಣೆಯ ಬಾಗಿಲ ಬಳಿ ನಿಂತದ್ದು, ಒಳಗಿನಿಂದ ಒಮ್ಮೆಲೇ ಹುಳುಗಳು ನುಗ್ಗಿದ್ದು, ಒಂದು ಹೋಗಿ ಛತ್ರಿಯ ಕಿವಿಗೇ ಕಚ್ಚಿದ್ದು. ಬಾಗಿಲು ಮೊದಲೇ ತೆರೆದಿತ್ತು ಎಂದರು ಛತ್ರಿ. ಇವರೇ ತೆರೆದರು ಎಂದು ಇವನಿಗೆ ಅನುಮಾನ. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಹುಳು ಯಾಕೆ ಕಚ್ಚಬೇಕು? ದಿನವಿಡೀ ಅವುಗಳ ನಡುವೆ ಕೂರುತ್ತಾನೆ, ಒಂದೂ ಕಚ್ಚುವುದಿಲ್ಲ. ಹುಳುವಿಗೆ ಸಿಟ್ಟು ಬರಬೇಕಾದರೆ ಒಂದು ವಾಸನೆ ಬೇಕು. ಆಗ ಅವನ ತಲೆಯಲ್ಲಿ ‘ಟಕ್’ ಎಂದಿತು, ಚಿಲಕದ ಹಾಗೆ. ಬಾಳೆಹಣ್ಣು.

ಗಾಜಿನ ಮನೆಯಲ್ಲಿ ಬಾಳೆಹಣ್ಣು ನಿಷಿದ್ಧ. ಕಚ್ಚಿದ ಜೇನುಹುಳು ಬಿಡುವ ಅಪಾಯದ ವಾಸನೆಯೂ ಮಾಗಿದ ಬಾಳೆಹಣ್ಣಿನ ವಾಸನೆಯೂ ಹತ್ತಿರ ಹತ್ತಿರ ಒಂದೇ. ಹಣ್ಣು ತಿಂದ ಬಾಯಲ್ಲಿ ಒಳಗೆ ಹೋದರೆ, ಯಾರೋ ನಮ್ಮವರ ಮೇಲೆ ಕೈ ಮಾಡಿದ್ದಾರೆ ಎಂದುಕೊಂಡು ಗೂಡಿಗೆ ಗೂಡೇ ಎದ್ದು ಬರುತ್ತದೆ. ಇದು ಅವನಿಗೆ ಬಹಳ ಹಿಡಿಸಿದ ಸಂಗತಿ. ಒಬ್ಬರಿಗೆ ಅವಮಾನವಾದರೆ ಊರೇ ಎದ್ದು ಬರುವುದು. ಬಂದು ಕಚ್ಚುವುದು. ಕಚ್ಚಿದ ಹುಳು ಅಲ್ಲೇ ಕರುಳು ಕಿತ್ತುಕೊಂಡು ಸಾಯುತ್ತದೆ, ಸಾಯಲಿ, ಮರ್ಯಾದೆ ಉಳಿಯಿತಲ್ಲ. ಹೇನುಗಳದು ಇದಕ್ಕೆ ತದ್ವಿರುದ್ಧ ಬಾಳು. ಹೇನು ತಿನ್ನುವ ಗುಲಗಂಜಿ ಹುಳುವೊಂದು ಬಂದು ಒಂದು ಹೇನನ್ನು ಹಿಡಿದರೆ ಅದೂ ವಾಸನೆ ಬಿಡುತ್ತದೆ. ಆದರೆ ಅಕ್ಕಪಕ್ಕದವು ಎದ್ದು ಬರುವುದಿಲ್ಲ, ಹೀರುತ್ತಿದ್ದ ಮೂತಿ ಕಿತ್ತುಕೊಂಡು, ಕಾಂಡದ ಮೇಲಿನ ಹಿಡಿತ ಬಿಟ್ಟು ಪಟಪಟನೆ ಕೆಳಗೆ ಬೀಳುತ್ತವೆ, ಬಿದ್ದಲ್ಲಿಂದ ಸುಮ್ಮನೆ ನಡೆದು ಹೋಗುತ್ತವೆ. ಮೊದಲ ಸಲ ನೋಡಿದಾಗ ಅವನಿಗೆ ಅಸಹ್ಯವಾಗಿತ್ತು. “ಥೂ, ಇವೂ ಒಂದು ಜೀವನಾನಾ?” ಎಂದಿದ್ದ. ಕನ್ನಡಕದ ಹುಡುಗಿ ತಲೆ ಎತ್ತದೆ, “ಅವು ಇನ್ನೂ ಬದುಕಿವೆ, ಕಚ್ಚಿದ ಜೇನು ಎಲ್ಲಿದೆ?” ಎಂದಿದ್ದಳು. ಅವಳೊಬ್ಬಳ ಎದುರಿಗೆ ಯಾಕೋ ಅವನ ಉತ್ತರಗಳು ಹೇನುಗಳಾಗಿ ಉದುರಿಹೋಗುತ್ತಿದ್ದವು. ಮತ್ತೆ ಅವಳೇ ಇವತ್ತು ನಕ್ಕದ್ದು.

ಹಾಗೆ ನೋಡಿದರೆ ಅವನು ಬಿಟ್ಟ ಕೆಲಸಗಳೆಲ್ಲ ಒಂದೊಂದು ಉತ್ತರದ ಸಮಾಧಿ. ಬೇಕರಿ ಬಿಟ್ಟದ್ದು “ನಿಮ್ಮ ಬ್ರೆಡ್ಡಿಗೂ ನಿಮಗೂ ಒಂದೇ ವ್ಯತ್ಯಾಸ, ಅದು ಬಿಸಿಯಾದ್ರೆ ಉಬ್ಬುತ್ತೆ, ನೀವು ಸುಮ್ಮಸುಮ್ಮನೆ ಉಬ್ತೀರಿ” ಎಂಬ ಮಾತಿಗೆ. ಛಾಪಖಾನೆ, ಗ್ಯಾರೇಜು, ಎಲ್ಲ ಹಾಗೇ. ಮೊದಲನೆಯದು ಶಾಲೆ. ಬೆಂಚಿನ ಮೇಲೆ ನಿಲ್ಲಿಸಿ ಮೇಷ್ಟ್ರು, “ನಿನ್ನ ತಲೆಗೊಂದು ಕಿಟಕಿ ಇಟ್ಟಿದ್ರೆ ಆ ಕಡೆಯಿಂದ ಈ ಕಡೆಗೆ ಗಾಳಿಯಾದ್ರೂ ಆಡ್ತಿತ್ತು” ಎಂದಿದ್ದರು. ಬೆಂಚಿನ ಮೇಲಿಂದ ಎಲ್ಲರ ತಲೆಯ ಬೈತಲೆ ಕಾಣುತ್ತಿತ್ತು, ನಗುವಾಗ ಆ ಬೈತಲೆಗಳು ಅಲ್ಲಾಡುತ್ತಿದ್ದವು. “ಇದ್ದಿದ್ರೆ ನಾನೇ ಅದರಿಂದ ಹಾರಿ ಹೋಗಿರ್ತಿದ್ದೆ ಸಾರ್, ನಿಮ್ಮ ಪಾಠಕ್ಕೆ ಯಾರು ಕೂತಿರ್ತಿದ್ರು?” ಎಂದ. ಆಗ ಬೈತಲೆಗಳು ಇನ್ನೂ ಜೋರಾಗಿ ಅಲ್ಲಾಡಿದವು, ಈ ಸಲ ಅವನ ಪರವಾಗಿ. ಆ ಒಂದು ನಗುವಿನ ಮೇಲೆ ಬೆಂಚಿನಿಂದ ಇಳಿದು, ಬಾಗಿಲು ದಾಟಿ, ಆಟದ ಬಯಲು ದಾಟಿ ಮನೆಗೆ ಬಂದವನು ಮತ್ತೆ ಹೋಗಲಿಲ್ಲ. ವೀರನ ಹಾಗೆ ಬಂದಿದ್ದ. ಮರುದಿನ ಬೆಳಿಗ್ಗೆ ಎಲ್ಲರೂ ಶಾಲೆಗೆ ಹೋದ ಮೇಲೆ ರಸ್ತೆ ಎಷ್ಟು ಖಾಲಿ ಇರುತ್ತದೆಂದು ಮೊದಲ ಸಲ ಕಂಡಿದ್ದ. ಆ ಖಾಲಿ ರಸ್ತೆ ಈಗಲೂ ಕೆಲವೊಮ್ಮೆ ಕಣ್ಣ ಮುಂದೆ ಬರುತ್ತದೆ. ಈ ಕೆಲಸಕ್ಕೆ ಸೇರಿದ ದಿನ ಅಕ್ಕ ಹೇಳಿದ್ದಳು: “ನೋಡು, ಈ ಸಲವೂ ಉತ್ತರ ಕೊಟ್ಟು ಬಂದೆ ಅಂದ್ರೆ, ಊಟದ ಬದಲು ಆ ಉತ್ತರಾನೇ ಬಡಿಸ್ತೀನಿ.” ಅಕ್ಕನಿಗೆ ಗೊತ್ತಿಲ್ಲದ್ದು ಒಂದಿತ್ತು. ಈ ಕೆಲಸ ಅವನಿಗೆ ನಿಜವಾಗಿ ಬೇಕಿತ್ತು. ಬೇಕಾದ್ದು ಒಂದು ಇದೆ ಎಂಬುದೇ ಅವನಿಗೆ ಹೊಸ ಬಗೆಯ ಭಯ.

ಉಗ್ರಾಣದ ಹಿಂದಿನ ಕಸದ ಬುಟ್ಟಿಗೆ ಅವನು ಪತ್ತೇದಾರನ ಹಾಗೆ ಬಗ್ಗಿದ. ಮುರಿದ ಕುಂಡದ ಚೂರು, ಟೀ ಸೊಪ್ಪು, ಹಳೆಯ ಪತ್ರಿಕೆ, ಅದರ ಕೆಳಗೆ, ದೇವರು ದೊಡ್ಡವನು, ಬಾಳೆಹಣ್ಣಿನ ಸಿಪ್ಪೆ. ಇನ್ನೂ ಕಪ್ಪಾಗಿರಲಿಲ್ಲ, ಇವತ್ತಿನದೇ. ಉಗ್ರಾಣದ ಬೀಗದಕೈ ಇರುವುದು ಒಬ್ಬರ ಹತ್ತಿರ, ಅಲ್ಲಿ ಕೂತು ಬೆಳಗಿನ ತಿಂಡಿ ತಿನ್ನುವವರೂ ಒಬ್ಬರೇ. ಅದನ್ನು ಪತ್ರಿಕೆಯ ತುಂಡಿನಲ್ಲಿ ಮಡಿಚಿ ಪ್ಯಾಂಟಿನ ಜೇಬಿಗಿಟ್ಟುಕೊಂಡ. ಈಗ ಉತ್ತರಕ್ಕೆ ಮಾತೇ ಬೇಕಿಲ್ಲ. ಎಲ್ಲರ ಎದುರಿಗೆ ಸಿಪ್ಪೆ ತೆಗೆದು ಛತ್ರಿಯ ಅಂಗೈಯಲ್ಲಿಟ್ಟು, ‘ನಿಮ್ಮದು ಬಿದ್ದಿತ್ತು ಸಾರ್’ ಎಂದರೆ ಮುಗಿಯಿತು. ಅಷ್ಟು ಚಿಕ್ಕದು, ಅಷ್ಟು ಚೊಕ್ಕದು. ತೊಡೆಗೆ ತಾಗುತ್ತಿದ್ದ ಆ ಮೆತ್ತನೆಯ ಭಾರ ಅವನಿಗೆ ಪದಕದ ಹಾಗೆ ಹಿತವಾಗಿತ್ತು.

ಓಣಿಗೆ ಮರಳಿದರೆ ಕನ್ನಡಕದ ಹುಡುಗಿ ಗಾಜಿನ ಗೂಡಿಗೆ ಮೂಗು ಒತ್ತಿ ನಿಂತಿದ್ದಳು. “ನಾನು ನಕ್ಕಿದ್ದು ಅವರ ಮಾತಿಗಲ್ಲ, ನೀನು ಸೀನಿದ್ದಕ್ಕೆ” ಎಂದಳು, ತಿರುಗದೆ.

“ಸೀನಿದ್ದು ಆಮೇಲೆ. ನೀನು ನಕ್ಕಿದ್ದು ಮೊದಲು.”

“ಅಯ್ಯೋ, ಲೆಕ್ಕ ಇಟ್ಟಿದೀಯಾ? ಸರಿ, ತಪ್ಪಾಯ್ತು. ಇಲ್ಲಿ ನೋಡು, ಇಲ್ಲಿ ನೋಡು ಮೊದಲು.”

ನೋಡಿದ. ಬಲಗಡೆಯ ಕೊಳವೆ ಗೂಡನ್ನು ಸೇರುವಲ್ಲಿ ಕಾವಲು ಹುಳುಗಳು ಗುಂಪಾಗಿ ನಿಂತಿದ್ದವು. ಗುಲಾಬಿ ಚುಕ್ಕೆಯದೊಂದು ಹೇನಿನ ಕೋಣೆಯಿಂದ ಹೊಟ್ಟೆ ತುಂಬ ಅಂಟು ಹೊತ್ತು ಬಂತು. ಕಾವಲಿನವು ಅದನ್ನು ಮೂಸಿದವು, ಕೂಡಲೇ ಮೇಲೆ ಬಿದ್ದು ರೆಕ್ಕೆ ಹಿಡಿದು ಎಳೆದಾಡಿ ಕೊಳವೆಗೇ ವಾಪಸು ದಬ್ಬಿದವು. ಇನ್ನೊಂದು ಗುಲಾಬಿ ಬಂತು, ಅದಕ್ಕೂ ಅದೇ ಸತ್ಕಾರ. ಬಿಳಿ ಚುಕ್ಕೆಯವು ಎಡಗಡೆಯಿಂದ ಅಳಿಯನ ಹಾಗೆ ನಡೆದು ಒಳಗೆ ಹೋದವು. “ಹೇನಿನ ಅಂಟು ತಂದವನ್ನ ಒಳಗೇ ಸೇರಿಸ್ತಿಲ್ಲ!” ಎಂದಳು ಹುಡುಗಿ. ಅವಳ ಉಸಿರಿಗೆ ಗಾಜು ಮಂಜಾಗಿತ್ತು. ಹಿಂದೆಯೇ ಮೇಡಂ ಬಂದರು, ಕೈಯಲ್ಲಿ ಟೀ ಲೋಟ; ನೋಡಿದರು, ಇನ್ನೊಮ್ಮೆ ನೋಡಿದರು, ಲೋಟವನ್ನು ಇಡಲು ಜಾಗ ಹುಡುಕದೆ ಅವನ ಕೈಗೆ ಕೊಟ್ಟರು. ಅರವತ್ತರ ಹತ್ತಿರದ ಹೆಂಗಸು ನಿಂತಲ್ಲೇ ಒಂದು ಸಣ್ಣ ಜಿಗಿತ ಜಿಗಿದರು. “ಎಂಜಲು ತಿಂದು ಬಂದವನ್ನ ಮನೆಗೆ ಸೇರಿಸ್ತಿಲ್ಲ ಕಣ್ರೋ! ಕುಣಿಯೋದು ಆಮೇಲಿನ ಮಾತು, ಬಾಗಿಲಲ್ಲೇ ಹಿಡಿದು ಕೇಳ್ತಿವೆ. ಇದನ್ನ ಯಾರೂ ನೋಡಿಲ್ಲ, ಯಾರೂ ಬರೆದಿಲ್ಲ. ಊಟ ಆದ ಮೇಲೆ ಅತಿಥಿಗಳನ್ನ ಕರ್ಕೊಂಡು ಬರ್ತೀನಿ. ಇದನ್ನ ನೋಡಿದ ಮೇಲೂ ಗಾಜಿನ ಮನೆ ಮುಚ್ಚಿ ಅಂತ ಹೇಳಲಿ ನೋಡೋಣ!” ಅತಿಥಿಗಳು ಬಂದದ್ದು ಅದಕ್ಕೇ, ಗಾಜಿನ ಮನೆಯನ್ನು ಮುಂದುವರಿಸಬೇಕೋ ಮುಚ್ಚಬೇಕೋ ಎಂದು ಹೇಳಲು. ಮೇಡಂ ಅವನ ಬೆನ್ನಿಗೊಂದು ಗುದ್ದಿದರು. “ನಿನ್ನ ಗುಲಾಬಿ ಚುಕ್ಕೆ ಇಲ್ದಿದ್ರೆ ಇದು ಕಾಣ್ತಾನೇ ಇರಲಿಲ್ಲ, ಗೊತ್ತಾಯ್ತಾ?” ಲೋಟದ ಟೀ ಅವನ ಕೈಮೇಲೆ ತುಳುಕಿತು. ಬಿಸಿಯಿತ್ತು. ಅವನಿಗೆ ಗೊತ್ತೇ ಆಗಲಿಲ್ಲ. ನನ್ನ ಚುಕ್ಕೆ. ಆ ಹೊತ್ತಿನಲ್ಲಿ ಛತ್ರಿ ಬಂದು ಇನ್ನೂ ನಾಲ್ಕು ಮಾತು ಬೈದಿದ್ದರೂ ಅವನು ಲೋಟ ಹಿಡಿದುಕೊಂಡು ನಗುತ್ತ ನಿಂತಿರುತ್ತಿದ್ದ.

ಮಧ್ಯಾಹ್ನ ಊಟಕ್ಕೆ ಮನೆಗೆ ನಡೆದ. ಮನೆ ಹಿಂದಿನ ಬೀದಿಯಲ್ಲೇ, ಹೊಲಿಗೆ ಅಂಗಡಿಯ ಮೇಲಿನ ಎರಡು ಕೋಣೆ. ಕೆಳಗಿನ ಯಂತ್ರದ ಸದ್ದಿಗೆ ಮೇಲಿನ ತಟ್ಟೆಗಳು ಸಣ್ಣಗೆ ನಡುಗುತ್ತಿರುತ್ತವೆ. ಮೆಟ್ಟಿಲು ಹತ್ತುತ್ತಲೇ ಶುರುಮಾಡಿದ: ಛತ್ರಿ ಅಂದದ್ದು, ಅತಿಥಿಗಳು ನಕ್ಕದ್ದು, ಸಿಪ್ಪೆ ಸಿಕ್ಕಿದ್ದು. ಸೀನಿದ್ದನ್ನು ಬಿಟ್ಟ. ಅಕ್ಕ ಕಪಾಟಿನ ಖಾನೆಗಳನ್ನೆಲ್ಲ ಎಳೆದು ಏನನ್ನೋ ಹುಡುಕುತ್ತಿದ್ದಳು. ಭಾವ ತಟ್ಟೆಯ ಮುಂದೆ ಕೂತು, ತಾಳ್ಮೆಯೇ ಮೂರ್ತಿಯಾದ ಹಾಗೆ ಕಾಯುತ್ತಿದ್ದ.

“ಒಂದು ಕುಂಡ ಹೇನು ಅಂದ್ರಾ?” ಎಂದ ಭಾವ. “ಒಂದೇ ಕುಂಡನಾ? ನಿನ್ನ ಬೆಲೆ ಜಾಸ್ತಿ ಮಾಡಿಬಿಟ್ರಲ್ಲೋ.”

“ಭಾವ, ಸುಮ್ನಿರಿ. ಸಂಜೆಯೊಳಗೆ ಅವರ ಮಾನ ಹರಾಜು. ಬಾಳೆಹಣ್ಣು ತಿಂದು ಬಂದಿದ್ದು ಅವರು, ಬೈಸಿಕೊಂಡಿದ್ದು ನಾನು.”

“ಉತ್ತರ ಕೊಟ್ಟು ಬಂದ್ಯಾ?” ಅಕ್ಕ ಖಾನೆಯೊಳಗಿನಿಂದಲೇ ಕೇಳಿದಳು.

“ಇನ್ನೂ ಇಲ್ಲ.”

“ಪುಣ್ಯಾತ್ಮ. ಅದಿರಲಿ, ನನ್ನ ಉಗುರುಬಣ್ಣ ತಗೊಂಡ್ಯೇನೋ? ಗುಲಾಬಿದು. ಮೂರು ದಿನದಿಂದ ಹುಡುಕ್ತಿದೀನಿ.”

ತಗೊಂಡಿದ್ದ. ಗುಲಾಬಿ ಬಣ್ಣದ ಶೀಶೆ ಒಣಗಿಹೋಗಿತ್ತು. ಹೊಸದಕ್ಕೆ ಛತ್ರಿಯನ್ನು ಕೇಳಬೇಕು, ಕೇಳಿದರೆ ಅರ್ಜಿ ಬರೆದು ಕೊಡು ಅಂತಾರೆ, ಬರೆದು ಕೊಟ್ಟರೆ ಅದರಲ್ಲಿನ ಕಾಗುಣಿತದ ತಪ್ಪುಗಳನ್ನು ಎಲ್ಲರೆದುರು ಓದಿ ಹೇಳುತ್ತಾರೆ. ಒಮ್ಮೆ ಹಾಗೆ ಮಾಡಿದ್ದರು. ಕಪಾಟಿನ ಮೇಲೆ ಅದೇ ಬಣ್ಣದ್ದು ಕೂತಿತ್ತು, ತೆಗೆದು ಜೇಬಿಗೆ ಹಾಕಿಕೊಂಡಿದ್ದ, ಮೊದಲ ಸಲ ತೆರೆದದ್ದು ಇವತ್ತು ಬೆಳಿಗ್ಗೆ. ಬಣ್ಣಕ್ಕೆ ಬಣ್ಣ. “ಹೊಸದು ತಂದುಕೊಡ್ತೀನಿ ಬಿಡೇ. ಒಂದು ಶೀಶೆಗೆ ಇಷ್ಟು ಗಲಾಟೆನಾ?”

“ಅಂಥದ್ದು ಎಲ್ಲಿ ಸಿಗುತ್ತೆ? ಅದು ವಾಸನೆ ಇರೋದು ಕಣೋ. ಹಚ್ಚಿ ಒಣಗಿದ ಮೇಲೆ ಎರಡು ದಿನ ಘಮ್ ಅಂತ ಬಾಳೆಹಣ್ಣಿನ ವಾಸನೆ ಬರುತ್ತೆ.”

ಕೆಳಗಿನ ಯಂತ್ರ ನಿಂತಿತು. ತಟ್ಟೆಗಳು ನಡುಗುವುದನ್ನು ನಿಲ್ಲಿಸಿದವು. ಅವನು ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳನ್ನು, ದಿನಾ ಕಡ್ಡಿ ಹಿಡಿಯುವ ಎರಡು ಬೆರಳನ್ನು, ಮೂಗಿನ ಹತ್ತಿರ ತಂದು ಜೋರಾಗಿ ಎಳೆದುಕೊಂಡ. ಏನೂ ಇಲ್ಲ. ಕಟ್ಟಿದ ಮೂಗಿನಲ್ಲಿ ಲೋಕವೇ ವಾಸನೆಯಿಲ್ಲದ್ದು. ಬೆರಳನ್ನು ಭಾವನ ಮೂಗಿಗೆ ಹಿಡಿದ. ಭಾವ ಮೂಸಿದ, ಅಕ್ಕನನ್ನು ನೋಡಿದ, ಅವನನ್ನು ನೋಡಿದ. ಎಲ್ಲ ಅರ್ಥವಾಗಿ, ಆ ಮನುಷ್ಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ನೆಲಕ್ಕೆ ಕೈಯೂರಿ ನಗತೊಡಗಿದ. “ಹಣ್ಣಾಗಿದೀಯಲ್ಲೋ” ಎಂದ ನಡುನಡುವೆ, “ಪೂರ್ತಿ ಹಣ್ಣಾಗಿದೀಯ!”

ಊಟ ಬಿಟ್ಟು ಎದ್ದ. ಬೀದಿಯಲ್ಲಿ ನಡೆಯುವಾಗ ನಾಚಿಕೆ ಅಡಿಯಿಂದ ಮುಡಿಗೆ ಏರುತ್ತಿತ್ತು, ಜೊತೆಗೆ ತಡೆಯಲಾಗದ ಒಂದು ನಗುವೂ. ಎರಡೂ ಒಂದೇ ಮೆಟ್ಟಿಲಲ್ಲಿ ಎದುರಾದವರ ಹಾಗೆ ಅಕ್ಕಪಕ್ಕ ಸರಿದು ದಾರಿ ಬಿಡಲು ಒದ್ದಾಡುತ್ತಿದ್ದವು. ಪಾಪದ ಗುಲಾಬಿಗಳು. ಹೊಟ್ಟೆ ತುಂಬ ತಂದು ಮನೆ ಬಾಗಿಲಲ್ಲಿ ನಿಂತು, ನಾನು ನಿಮ್ಮವಳೇ ಅಂದರೂ ಕೇಳದೆ, ಬೆನ್ನ ಮೇಲೆ ಅಪಾಯದ ವಾಸನೆ ಹೊತ್ತವಳೆಂದು ಅಟ್ಟಿಸಿಕೊಂಡವು. ಬೆಳಿಗ್ಗೆ ಕೋಣೆಯಲ್ಲಿ ಹುಳುಗಳು ಕೆರಳಿದ್ದೂ ಅದಕ್ಕೇ. ಛತ್ರಿಯ ಕಿವಿಗೆ ಕಚ್ಚಿದ್ದು ಹುಳುವಲ್ಲ, ಇವನ ಹುಲ್ಲುಕಡ್ಡಿ. ಹೇಳದೆ ಇದ್ದರೆ? ಹೇಳದೆ ಇದ್ದರೆ ಮೇಡಂ ಜಿಗಿಯುತ್ತಲೇ ಇರುತ್ತಾರೆ. ಗಾಜಿನ ಮನೆ ಉಳಿಯುತ್ತದೆ, ಅದರಲ್ಲಿ ಅವನೂ ಉಳಿಯುತ್ತಾನೆ. ಬಣ್ಣ ಇನ್ನೆರಡು ದಿನಕ್ಕೆ ವಾಸನೆ ಕಳೆದುಕೊಂಡು, ಕಾವಲಿನವು ಗುಲಾಬಿಗಳನ್ನು ಒಳಗೆ ಬಿಟ್ಟಾಗ ಮೇಡಂ ಅದಕ್ಕೂ ಒಂದು ಕಾರಣ ಹುಡುಕುತ್ತಾರೆ, ಹುಡುಕುತ್ತ ಹುಡುಕುತ್ತ ವರ್ಷ ಕಳೆಯುತ್ತಾರೆ, ಅವನು ಟೀ ಲೋಟ ಹಿಡಿದುಕೊಂಡು ಪಕ್ಕದಲ್ಲಿ ನಿಂತಿರುತ್ತಾನೆ. ಹೇಳಿದರೆ, ಒಂದು ಕುಂಡ ಹೇನು. ಛತ್ರಿ ಹೇಳಿದ್ದು ಕಾರಣದಲ್ಲಿ ತಪ್ಪು, ತೀರ್ಮಾನದಲ್ಲಿ ಸರಿ ಅಂತಾಗುತ್ತದೆ. ಜೇಬಿನಲ್ಲಿ ಸಿಪ್ಪೆ ಮೆತ್ತಗೆ ತೊಡೆಗೆ ಬಡಿಯುತ್ತಿತ್ತು. ಮೂರನೆಯದೊಂದು ದಾರಿಯೂ ಇತ್ತು. ಆ ಸಿಪ್ಪೆ. ಅದನ್ನು ತೆಗೆದು ಇಟ್ಟರೆ ಕೆರಳಿಸಿದವರು ಛತ್ರಿ ಎಂದಾಗುತ್ತದೆ, ಎಲ್ಲರೂ ನಂಬುತ್ತಾರೆ. ಉಗುರುಬಣ್ಣದ ಶೀಶೆ ಚರಂಡಿಗೆ. ಚರಂಡಿಯ ಹತ್ತಿರ ಬಂದಾಗ ಅವನ ನಡಿಗೆ ನಿಧಾನವಾಯಿತು. ಆಮೇಲೆ ಯಾಕೋ ಓಡತೊಡಗಿದ.

ಅವನು ಏದುಸಿರು ಬಿಡುತ್ತ ಓಣಿಗೆ ಬಂದಾಗ ಅತಿಥಿಗಳು ಗಾಜಿನ ಗೂಡಿನ ಮುಂದೆ ಅರ್ಧಚಂದ್ರವಾಗಿ ನಿಂತಿದ್ದರು, ಹಿರಿಯರ ತಲೆಯ ಮೇಲೆ ಮುಂಜಾಗ್ರತೆಗೆ ಕರವಸ್ತ್ರ ಆಗಲೇ ಏರಿತ್ತು. ಛತ್ರಿ ದೂರದಲ್ಲಿ ಕೊಡೆಯ ಕೆಳಗೆ, ಕಿವಿ ಈಗ ಕೆಂಪು ಬದನೆಕಾಯಿ. ಮೇಡಂ ಕೈ ಎತ್ತಿದ್ದರು, “ಈಗ ನೀವು ನೋಡ್ತಾ ಇರೋದು” ಎಂದಿದ್ದರು.

“ಮೇಡಂ, ಅದು ಉಗುರುಬಣ್ಣ” ಎಂದ.

ಎಲ್ಲರೂ ತಿರುಗಿದರು. “ಏನು?”

“ನಮ್ಮಕ್ಕನ ಉಗುರುಬಣ್ಣ. ಗುಲಾಬಿ ಖಾಲಿಯಾಗಿತ್ತು. ನಾನು ಕೇಳಲಿಲ್ಲ. ಅದಕ್ಕೆ ಬಾಳೆಹಣ್ಣಿನ ವಾಸನೆ ಇದೆಯಂತೆ. ನನಗೆ ನೆಗಡಿ.” ಇಷ್ಟು ಕೆಟ್ಟದಾಗಿ ಅವನು ಹುಟ್ಟಿದಾಗಿನಿಂದ ಮಾತಾಡಿರಲಿಲ್ಲ. ಒಂದು ಮಾತಿಗೂ ಇನ್ನೊಂದಕ್ಕೂ ಸಂಬಂಧವಿಲ್ಲದೆ ಕಲ್ಲಿನ ಹಾಗೆ ಬಿದ್ದವು. ಶೀಶೆ ತೆಗೆದು ಮೇಡಂ ಕೈಗೆ ಕೊಟ್ಟ. ಮೇಡಂ ಎತ್ತಿದ್ದ ಕೈ ಇಳಿಸಿ ಅದನ್ನು ಮೂಸಿದರು. ಅವರ ಮುಖ ಆರುವುದನ್ನು ಅವನು ನೋಡಿದ, ಯಾವುದೋ ಮನೆಯಲ್ಲಿ ಒಂದೊಂದೇ ಕೋಣೆಯ ದೀಪ ತೆಗೆಯುತ್ತ ಬಂದ ಹಾಗೆ. ಬೆಂಚಿನ ಮೇಲೆ ನಿಂತದ್ದೂ ಇಷ್ಟು ಕಷ್ಟವಿರಲಿಲ್ಲ. ಕನ್ನಡಕದ ಹುಡುಗಿ ಶೀಶೆಯನ್ನು ಈಸಿಕೊಂಡು ಮೂಸಿದಳು, ಅವನ ಕಡೆ ನೋಡಿದಳು. ನಗಲಿಲ್ಲ. ಅವಳು ನಗದೇ ಇದ್ದದ್ದನ್ನು ಅವನು ಲೆಕ್ಕಕ್ಕೆ ಇಟ್ಟುಕೊಂಡ.

ನಕ್ಕವರು ಹಿರಿಯರು. ಶೀಶೆ ಕೈಯಿಂದ ಕೈಗೆ ದಾಟಿ ಅವರ ಹತ್ತಿರ ಬಂದಿತ್ತು. ಮೂಸಿ, ಕರವಸ್ತ್ರ ತೆಗೆದು, ಅದರಲ್ಲೇ ಕಣ್ಣೊರೆಸಿಕೊಂಡು, ಹೊಟ್ಟೆ ಅಲ್ಲಾಡಿಸಿ ನಕ್ಕರು. “ನಾನು ಇಂಥ ಎಷ್ಟು ಕಡೆ ಹೋಗಿದೀನಿ ಮೇಡಂ. ನಿದ್ದೆ ಬರದೇ ಇದ್ದಿದ್ದು ಇದೊಂದೇ ಕಡೆ. ಅಂದ್ರೆ, ಪಾಪ, ಅಂಟು ತಂದಿದ್ದಕ್ಕೆ ಹೊರಗೆ ಹಾಕ್ತಿಲ್ಲ ಅವು?”

“ಇಲ್ಲ” ಎಂದರು ಮೇಡಂ ಸಣ್ಣ ದನಿಯಲ್ಲಿ. ಆಮೇಲೆ ಗೂಡಿನ ಕಡೆ ನೋಡುತ್ತ, ತಮಗೆ ತಾವೇ ಹೇಳಿಕೊಂಡ ಹಾಗೆ, “ಅಂಟು ತಂದಿದ್ದಕ್ಕೆ ಅಲ್ಲ ಅಂದ್ರೆ, ಒಳಗೆ ಬಿಟ್ರೆ ಕುಣಿತಾವೋ ಏನೋ. ಅದಿನ್ನೂ ನೋಡಬೇಕು” ಎಂದರು. ಒಂದು ಕೋಣೆಯ ದೀಪ ಹೊತ್ತಿಕೊಂಡಿತು. ಅವನ ಕಡೆ ತಿರುಗಿದರು. “ಸುಮ್ನೆ ನಿಂತು ಏನು ನೋಡ್ತೀಯಾ? ಹೋಗು, ಗುಲಾಬಿಯವನ್ನೆಲ್ಲ ಒಂದೊಂದಾಗಿ ಹಿಡಿದು ಡಬ್ಬಿಗೆ ಹಾಕು. ಅವು ಸಾಯೋಕೆ ಮುಂಚೆ. ಕೈ ಸೋಪು ಹಾಕಿ ತೊಳ್ಕೊ, ಎರಡು ಸಲ. ಆ ನೆಗಡಿಗೆ ಏನಾದ್ರೂ ಮಾಡು. ನಾ ಮುಂದೆ ಏನು ಬೈಬೇಕೋ ಯೋಚನೆ ಮಾಡಿ ಸಂಜೆ ಬೈತೀನಿ.”

ಸಂಜೆ ಬೈಯುತ್ತಾರೆ. ಅಂದರೆ ಸಂಜೆ ಇವನು ಇಲ್ಲಿರುತ್ತಾನೆ. ಎದೆಯೊಳಗೆ ಏನೋ ಕೈಬಿಟ್ಟು ಪಟ್ಟನೆ ಕೆಳಗೆ ಬಿದ್ದಂತಾಯಿತು, ಹಗುರವಾಗಿ.

“ಬೆಳಿಗ್ಗೆ ನಾನು ಹೇಳಿದ್ದರಲ್ಲಿ ಏನು ತಪ್ಪಿತ್ತು?” ಛತ್ರಿ ಕೊಡೆಯ ಕೆಳಗಿನಿಂದ ಒಂದು ಹೆಜ್ಜೆ ಮುಂದೆ ಬಂದರು. ಬೆಳಿಗ್ಗೆಯಿಂದ ಉರಿದ ಕಿವಿಗೆ ಈಗ ಸಮಾಧಾನ ಬೇಕಿತ್ತು. “ಒಂದು ಕುಂಡ ಅಂದಿದ್ದು ನನ್ನ ತಪ್ಪು. ಒಂದು ಹೇನು ಸಾಕಾಗಿತ್ತು. ಒಂದೇ ಒಂದು. ಅದು ಅಕ್ಕನ ಉಗುರುಬಣ್ಣ ಕದಿಯೋದಿಲ್ಲ.” ಒಬ್ಬಿಬ್ಬರು ನಕ್ಕರು. ಉಳಿದವರು ಅವನ ಬಾಯನ್ನೇ ನೋಡುತ್ತಿದ್ದರು. ಹುಡುಗಿ ನೋಡುತ್ತಿದ್ದಳು, ಮೇಡಂ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು, ಹಿರಿಯರಂತೂ ಇನ್ನೊಂದು ಆಟಕ್ಕೆ ಟಿಕೆಟ್ ಸಿಕ್ಕವರ ಹಾಗೆ. ಮೂಗು ಕಟ್ಟಿತ್ತು, ಆದರೆ ಸೀನು ಬರುವ ಸೂಚನೆ ಇರಲಿಲ್ಲ. ಕೈ ತಾನಾಗಿ ಜೇಬಿಗೆ ಹೋಯಿತು. ಪತ್ರಿಕೆಯ ಮಡಿಕೆಯೊಳಗೆ ಸಿಪ್ಪೆ ತಣ್ಣಗೆ, ಮೆತ್ತಗೆ, ಸಿದ್ಧವಾಗಿತ್ತು. ನಿಮ್ಮದು ಬಿದ್ದಿತ್ತು ಸಾರ್. ಈ ಓಣಿ ನಗುವಿನಲ್ಲಿ ಒಡೆದುಹೋಗುತ್ತಿತ್ತು. ಆದರೆ ಕೋಣೆಯ ಹುಳುಗಳು ಕೆರಳಿದ್ದು ಉಗ್ರಾಣದಲ್ಲಿ ಕೂತು ತಿಂದ ಹಣ್ಣಿಗಲ್ಲ, ತನ್ನ ಬಣ್ಣಕ್ಕೆ ಎಂದು ಅವನಿಗೆ ಗೊತ್ತಿತ್ತು. ಅಷ್ಟು ಒಳ್ಳೆಯ ಉತ್ತರ. ಬೇಕರಿಯದಕ್ಕಿಂತ, ಶಾಲೆಯದಕ್ಕಿಂತ ಒಳ್ಳೆಯದು. ಅದನ್ನು ಹೇಳದೆ ಬಿಡುವುದು, ಹಸಿದವನು ತುಂಬಿದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ ಹಾಗಿತ್ತು. ಊಟ ಬಿಟ್ಟು ಬಂದ ಹೊಟ್ಟೆಯೂ ಖಾಲಿಯಿತ್ತು. ಗಾಜಿನಾಚೆ ಗುಲಾಬಿಯೊಂದು ಮತ್ತೆ ಕೊಳವೆಯ ಬಾಯಿಗೆ ಬಂದು ನಿಂತಿತ್ತು. ದಬ್ಬಿಸಿಕೊಂಡು, ರೆಕ್ಕೆ ಸರಿಮಾಡಿಕೊಂಡು, ಮತ್ತೆ.

ಕೈಯನ್ನು ಖಾಲಿ ತೆಗೆದ. ಛತ್ರಿಯ ಪಕ್ಕದಿಂದ, ಕೊಡೆಯ ಕಡ್ಡಿ ಕೆನ್ನೆಗೆ ತಾಗದಂತೆ ತಲೆ ಬಗ್ಗಿಸಿ ದಾಟಿ, ತೊಳೆಯುವ ತೊಟ್ಟಿಯ ಕಡೆಗೆ ನಡೆದ.

“ಏನೋ, ಬಾಯಿ ಬಿದ್ದೋಯ್ತಾ?” ಎಂದರು ಛತ್ರಿ ಹಿಂದಿನಿಂದ. ಅವರ ದನಿಯಲ್ಲಿ ಈಗ ಸ್ವಲ್ಪ ಗಾಬರಿಯಿತ್ತು.

ಕೈ ತೊಳೆದ. ಎರಡು ಸಲ ತೊಳೆದ. ಡಬ್ಬಿ ತೆಗೆದುಕೊಂಡು ಹೇನಿನ ಕೋಣೆಯೊಳಗೆ ಹೋಗಿ ಜಾಲರಿ ಬಾಗಿಲು ಎಳೆದುಕೊಂಡ. ಎರಡು ಹೆಜ್ಜೆ ನಡೆದವನು ನಿಂತು, ತಿರುಗಿ, ಚಿಲಕ ಬಿದ್ದಿದೆಯೇ ಎಂದು ನೋಡಿದ. ಬಿದ್ದಿತ್ತು. ಬೆರಳಲ್ಲಿ ಇನ್ನೊಮ್ಮೆ ಒತ್ತಿ ನೋಡಿ, ಗಿಡಗಳ ಕಡೆಗೆ ನಡೆದ.